ಗಾಲಿಗೆ ಕೊಟ್ಟ ಕಲ್ಲು

ಸಮದ್ ಬಿದ್ದದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಆರೂವರೆ ಕೂಡ ಆಗಿರಲಿಲ್ಲ. ಗೊಂಬೆಗೆ ಬೇಕಾದ ಹಾಲೆ ಮರ ಕಡಿದಿಟ್ಟಿದ್ದೇನೆ, ಬಂದು ನೋಡಿ ಎಂದು ಹಳ್ಳಿಯ ರೈತನೊಬ್ಬ ಹೇಳಿಕಳಿಸಿದ್ದ. ಬೇರೆ ಗೊಂಬೆ ಕಾರ್ಖಾನೆಯವರು ಎತ್ತಿಕೊಂಡು ಹೋಗುವ ಮೊದಲೇ ತಲುಪಬೇಕೆಂದು ಸಮದ್ ತನ್ನ ಹಳೆಯ ಮೊಪೆಡ್ ಹತ್ತಿ ಹೊರಟಿದ್ದ.

ಚನ್ನಪಟ್ಟಣ ದಾಟಿ ಮದ್ದೂರಿನ ಕಡೆ ಹೋಗುವ ಹೆದ್ದಾರಿ ಆಗಿನ್ನೂ ಅಗಲವಾಗಿರಲಿಲ್ಲ. ಊರು ಮುಗಿದ ಮೇಲೆ ಒಂದು ಕಡೆ ಉದ್ದನೆಯ ಏರು. ಏರಿನ ಎಡಕ್ಕೆ ಮಾಯಮ್ಮನ ತಿಂಡಿ ಹೋಟೆಲು. ಮೈಸೂರಿನ ಕಡೆ ಹೋಗುವ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಹಳೆಯ ಲಾರಿಗಳ ಹ್ಯಾಂಡ್‌ಬ್ರೇಕನ್ನು ಯಾವ ಡ್ರೈವರೂ ಪೂರ್ತಿ ನಂಬುತ್ತಿರಲಿಲ್ಲ. ಗಾಡಿ ನಿಲ್ಲಿಸಿದ ಕೂಡಲೇ ರಸ್ತೆ ಬದಿಯಿಂದ ದಪ್ಪನೆಯ ಕಲ್ಲೊಂದನ್ನು ಹೊತ್ತು ತಂದು ಹಿಂದಿನ ಗಾಲಿಗೆ ಅಡ್ಡವಾಗಿ ಕೊಡುತ್ತಿದ್ದರು. ಇಡ್ಲಿ ತಿಂದು, ಟೀ ಕುಡಿದು, ಬೀಡಿ ಸೇದಿ ಲಾರಿ ಹತ್ತಿದರೆ ಗಾಡಿ ಮುಂದಕ್ಕೆ ಹೋಗುತ್ತಿತ್ತು, ಕಲ್ಲು ಹಿಂದೆ ಉಳಿಯುತ್ತಿತ್ತು. ಕೆಳಗಿಳಿದು ಅದನ್ನು ಎತ್ತಿ ಪಕ್ಕಕ್ಕಿಡುವ ಕೆಲಸ ಯಾರದ್ದೂ ಆಗಿರಲಿಲ್ಲ.

ಅವತ್ತು ಮಂಜು ಕವಿದಿತ್ತು. ಎದುರಿಗೆ ಬರುವ ಬಸ್ಸಿನ ದೀಪ ಹತ್ತಿರ ಬಂದ ಮೇಲೇ ಕಾಣುವಷ್ಟು ಮಂಜು. ಕುಂಬಳಕಾಯಿ ಗಾತ್ರದ ಕಲ್ಲು ಸಮದನ ಕಣ್ಣಿಗೆ ಬೀಳಲೇ ಇಲ್ಲ. ಮುಂದಿನ ಚಕ್ರ ಅದಕ್ಕೆ ಬಡಿದು ಮೊಪೆಡ್ ಮಗುಚಿತು. ಅವನ ಬಲಗೈ ಹ್ಯಾಂಡಲ್ಲಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತು.

ಸದ್ದು ಕೇಳಿ ಓಡಿಬಂದವಳು ಮಾಯಮ್ಮ. ಒಲೆಯ ಮೇಲಿದ್ದ ಸಾಂಬಾರು ಹಾಗೇ ಬಿಟ್ಟು, ತನ್ನ ಹೆಗಲ ಮೇಲಿನ ಟವಲ್ಲನ್ನೇ ಅವನ ಕೈಗೆ ಸುತ್ತಿ, ಆಟೋ ನಿಲ್ಲಿಸಿ ಆಸ್ಪತ್ರೆಗೆ ಕಳಿಸಿದಳು. ಅವನ ಹೆಂಡತಿ ಜೈನಬಳಿಗೆ ಸುದ್ದಿ ಮುಟ್ಟಿಸಿದ್ದೂ ಅವಳೇ. ಜೈನಬ್ ತಲೆಯ ಮೇಲೆ ಸೆರಗೆಳೆದುಕೊಂಡು ಓಡೋಡಿ ಹೋದಾಗ ಗಂಡ ಬೆಂಚಿನ ಮೇಲೆ ಕೂತಿದ್ದ. ಮುಖ ಸುಣ್ಣದಂತಾಗಿತ್ತು.

"ಏನಾಯ್ತು?" ಅಂದಳು.

"ಕಲ್ಲು" ಅಂದ. ಅಷ್ಟೇ ಹೇಳಿದ.

ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಮೂರು ತಿಂಗಳಿಗೆ ಪಟ್ಟಿ ಬಿಚ್ಚಿದಾಗ ಕೈ ಬದುಕಿತ್ತು, ಆದರೆ ಹಿಡಿತ ಹೋಗಿತ್ತು. ಹೆಬ್ಬೆರಳು ತೋರುಬೆರಳಿಗೆ ಮುಟ್ಟುತ್ತಿತ್ತು, ಒತ್ತುತ್ತಿರಲಿಲ್ಲ. ಲೋಟ ಎತ್ತಬಹುದಿತ್ತು, ಆದರೆ ಲೇತಿನ ಮುಂದೆ ಕೂತು, ತಿರುಗುವ ಮರಕ್ಕೆ ಉಳಿ ಕೊಟ್ಟು ಕೂದಲಿನಷ್ಟು ತೆಳ್ಳಗೆ ಸಿಪ್ಪೆ ತೆಗೆಯುವ ಕೆಲಸ ಮುಗಿದುಹೋಗಿತ್ತು. ಅದೇ ಅವನ ಕೆಲಸ. ಹದಿನಾಲ್ಕನೆಯ ವಯಸ್ಸಿನಿಂದ ಮಾಡಿದ್ದು. ಅವನು ಕಡೆದ ಬುಗುರಿಯನ್ನು ನೆಲಕ್ಕೆ ಬಿಟ್ಟರೆ ನಿಂತಂತೆ ತಿರುಗುತ್ತದೆ ಎಂದು ಬೇರೆ ಕಾರ್ಖಾನೆಯವರೂ ಹೇಳುತ್ತಿದ್ದರು.

ಜೈನಬಳ ಕೆಲಸ ಬಣ್ಣ. ಲೇತಿನಲ್ಲಿ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿದರೆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡಬೇಕು. ಹನ್ನೆರಡು ವರ್ಷ ಗಂಡನ ಪಕ್ಕದಲ್ಲೇ ಕೂತು ಮಾಡಿದ್ದಳು. ಈಗ ಅದೇ ಕಾರ್ಖಾನೆಗೆ ಒಬ್ಬಳೇ ಹೋಗತೊಡಗಿದಳು. ಗಂಡನ ಲೇತಿನಲ್ಲಿ ಬೇರೆ ಯಾರೋ ಕೂರುತ್ತಿದ್ದರು. ಅವಳು ಆ ಕಡೆ ನೋಡದೆ ಬಣ್ಣ ಹಚ್ಚುತ್ತಿದ್ದಳು.

ಸಮದ್ ಮನೆಯ ಹೊರಗೆ ಜಗಲಿಯ ಮೇಲೆ ಕೂರುತ್ತಿದ್ದ. ಮೊದಲೇ ಮಾತು ಕಡಿಮೆ, ಈಗ ಅದೂ ನಿಂತಿತು. ಹೆದ್ದಾರಿಯಲ್ಲಿ ಲಾರಿಯ ಹಾರನ್ನು ಕೇಳಿದಾಗ ಮಾತ್ರ ಅವನ ದವಡೆ ಬಿಗಿಯುತ್ತಿತ್ತು. ಒಂದು ದಿನ ಅನ್ನ ಕಲಸುತ್ತಾ ಅಂದ: "ಅವನಿಗೆ ಗೊತ್ತೂ ಇರೋಲ್ಲ ನೋಡು. ಆ ಲಾರಿಯೋನಿಗೆ. ಟೀ ಕುಡಿದ, ಹೋದ." ಮನೆಯೊಳಗೆ ಅವರ ಮಾತು ಉರ್ದುವಿನಲ್ಲಿ, ಆ ಭಾಷೆಯಲ್ಲಿ ಅವನು ಅದನ್ನು ಎಷ್ಟು ಮೆತ್ತಗೆ ಹೇಳಿದನೆಂದರೆ, ಕೂಗಾಡಿದ್ದರೇ ವಾಸಿಯಿತ್ತು ಅನ್ನಿಸಿತು ಜೈನಬಳಿಗೆ.

ಮಾಯಮ್ಮನ ಟವಲ್ಲಿನ ರಕ್ತದ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಹೊಸದೊಂದನ್ನು ಕೊಂಡು, ಒಂದು ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮೊದಲು ಜೈನಬ್ ಆ ಹೋಟೆಲಿಗೆ ಹೋದಳು.

"ಇದ್ಯಾಕವ್ವ ತಂದೆ? ಟವಲ್ ಒಂದ್ ದೊಡ್ಡದಾ?" ಅಂದಳು ಮಾಯಮ್ಮ. ಐವತ್ತು ದಾಟಿದ ಗಟ್ಟಿಗಿತ್ತಿ. ಹೊಗೆಯಲ್ಲಿ ನಿಂತೂ ನಿಂತೂ ಕಣ್ಣು ಸದಾ ಕೆಂಪು. "ಸಾಬ್ರು ಎಂಗವ್ರೆ?"

"ಹಂಗೇ ಅವ್ರೆ ಮಾಯಕ್ಕ. ಕೂತಿರ್ತಾರೆ."

ಟೀ ಕುಡಿಯುತ್ತಾ ಜೈನಬ್ ರಸ್ತೆಯ ಕಡೆ ನೋಡಿದಳು. ಆಗಷ್ಟೇ ಎರಡು ಲಾರಿ ಹೊರಟುಹೋಗಿದ್ದವು. ಡಾಂಬರಿನ ಮೇಲೆ ಮೂರು ಕಲ್ಲು ಬಿದ್ದಿದ್ದವು. ಸ್ಕೂಟರಿನವನೊಬ್ಬ ಒಂದನ್ನು ತಪ್ಪಿಸಲು ಹೋಗಿ ತೂರಾಡಿ, ಹೇಗೋ ಸುಧಾರಿಸಿಕೊಂಡು ಮುಂದೆ ಹೋದ. ಲೋಟ ಕೆಳಗಿಟ್ಟು ಅವಳು ಎದ್ದಳು. ಕಲ್ಲುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಹೋಗಿ ಚರಂಡಿಯ ಆಚೆಗೆ ತಳ್ಳಿದಳು.

ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ಮನೆಯಿಂದ ಅರ್ಧ ಗಂಟೆ ಬೇಗ ಹೊರಟು, ಕಲ್ಲು ತಳ್ಳಿ, ಹಿಂದಿರುಗಿ ಕಾರ್ಖಾನೆ ಸೇರುತ್ತಿದ್ದಳು. ಗಂಡನಿಗೆ ಹೇಳಲಿಲ್ಲ.

"ನೀನು ತಳ್ತೀಯ, ಅವ್ರು ತತ್ತಾರೆ" ಅಂದಳು ಮಾಯಮ್ಮ ಒಂದು ವಾರ ನೋಡಿ. "ಎಷ್ಟು ದಿನ ಅಂತ ತಳ್ತೀಯವ್ವ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ತಳ್ಳಿದ ಕಲ್ಲುಗಳೇ ಮತ್ತೆ ರಸ್ತೆಗೆ ಬರುತ್ತಿದ್ದವು. ಒಂದು ದಿನ ಜೈನಬ್ ಕಲ್ಲು ಉರುಳಿಸುತ್ತಿದ್ದಾಗ ಒಬ್ಬ ಡ್ರೈವರ್ ಅದನ್ನೇ ಕೇಳಿಕೊಂಡು ಬಂದ. ಮಾಗಡಿ ಕಡೆಯ ಬೋರಲಿಂಗಯ್ಯ. ಅಲ್ಲಿಂದ ಕಟ್ಟಡದ ಸೈಜುಗಲ್ಲು ತುಂಬಿಕೊಂಡು ವಾರಕ್ಕೆ ಮೂರು ನಾಲ್ಕು ಸಲ ಮೈಸೂರಿಗೆ ಹೋಗುವವನು. ನರೆತ ಮೀಸೆ, ತೋಳು ಮಡಿಚಿದ ಖಾಕಿ ಅಂಗಿ.

"ಅದನ್ನ ಅಲ್ಲೇ ಬುಡಕ್ಕಾ, ನಮ್ ಗಾಡಿಗೆ ಬೇಕು."

"ಕೊಡ್ತೀನಣ್ಣ. ಹೋಗುವಾಗ ತೆಗೆದು ಪಕ್ಕಕ್ಕೆ ಹಾಕ್ತೀರಾ?"

ಬೋರಲಿಂಗಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದ. ಮಾಯಮ್ಮ ಒಳಗಿನಿಂದಲೇ, "ಆವತ್ತು ಬಿದ್ರಲ್ಲ ಗೊಂಬೆ ಸಾಬ್ರು, ಅವ್ರ ಮನೆಯೋರು ಕಣಯ್ಯ" ಅಂದಳು. ಅವನ ಮುಖ ಸಣ್ಣದಾಯಿತು. ಕಲ್ಲಿನ ಮೇಲೆ ಒಂದು ಕಾಲಿಟ್ಟು ನಿಂತ.

"ನಿಜ ಯೋಳ್ತೀನಿ ಕಣಕ್ಕ, ಯಾರೂ ತೆಗಿಯಾಕಿಲ್ಲ. ಗಾಡಿ ಮೂವಾದ್ಮೇಲೆ ಇನ್ಯಾರು ಇಳೀತಾರೆ? ಒಂದು ಕಲ್ಲ ಜೊತೇಲೇ ಮಡಿಕಳಾಣ ಅಂದ್ರೆ, ಕಲ್ಲು ಎಲ್ಲಿ ನಿಂತ್ರೂ ಸಿಕ್ತದೆ, ಯಾವನು ವತ್ಕತಾನೆ? ಅಗ್ಗ ಕಟ್ಟಿ ಗಾಡೀಗೆ ನೇತಾಕಂಗಿದ್ರೆ ಒಂದ್ ಮಾತು. ಆಗ ನಮ್ದು ಅಂತ ಆಯ್ತದೆ. ನಮ್ದಾದ್ರೆ ಬುಟ್ಟೋಗಾಕಿಲ್ಲ."

ಆ ಮಾತು ಜೈನಬಳ ತಲೆಯಲ್ಲಿ ಕೂತುಬಿಟ್ಟಿತು. ಇಡೀ ದಿನ ಬಣ್ಣ ಹಚ್ಚುತ್ತಾ ಅದನ್ನೇ ಯೋಚಿಸಿದಳು. ಸಂಜೆ ಮನೆಗೆ ಬಂದು ಗಂಡನಿಗೆ ಆ ಡ್ರೈವರನ ಮಾತನ್ನಷ್ಟೇ ಹೇಳಿದಳು. ಲಾರಿಯ ಗಾಲಿಗೆ ಕೊಡಲು ಮರದ ತುಂಡು ಮಾಡಿದರೆ ಹೇಗೆ? ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಹಿಡಿಯಲು ಹಗ್ಗ.

ಸಮದ್ ಕೈ ತೊಳೆದುಕೊಂಡು ಎದ್ದ. "ಅವರಿಗಾ? ನನ್ನ ಕೈ ತಿಂದವರಿಗೆ ನಾನು ಮರ ಕುಯ್ದು ಕೊಡಬೇಕಾ?"

"ಬೀಳೋ ಇನ್ನೊಬ್ಬರಿಗೋಸ್ಕರ" ಅಂದಳು.

"ಇನ್ನೊಬ್ಬರು ನನಗೋಸ್ಕರ ಏನು ಮಾಡಿದ್ರು?" ಅಂದು ಹೊರಗೆ ಹೋದ.

ಶುಕ್ರವಾರ ಅವನು ನಮಾಜಿಗೆ ಹೋದ ಹೊತ್ತಿಗೆ ಜೈನಬ್ ಅವನ ಗರಗಸ ತೆಗೆದಳು. ಸೀಳು ಬಿಟ್ಟಿದೆಯೆಂದು ಕಾರ್ಖಾನೆಯಲ್ಲಿ ಪಕ್ಕಕ್ಕೆಸೆದಿದ್ದ ಹಾಲೆ ಮರದ ದಪ್ಪ ತುಂಡೊಂದನ್ನು ಕೇಳಿ ತಂದಿದ್ದಳು. ಕಾಲಿನಡಿ ಒತ್ತಿ ಹಿಡಿದು ಮೂಲೆಯಿಂದ ಮೂಲೆಗೆ ಕೊಯ್ದಳು. ಎರಡು ಶುಕ್ರವಾರ ಹಿಡಿಯಿತು. ಅರಗು ಹಚ್ಚೋಣವೆಂದರೆ ಅದು ಲೇತಿನಲ್ಲಿ ತಿರುಗುವ ಆಕಾರವಲ್ಲ; ಅಂಗಡಿಯಿಂದ ಹಳದಿ ಪೇಂಟು ತಂದು ಬಳಿದಳು. ತೂತು ಕೊರೆದು ಹಗ್ಗ ಹಾಕಿದಳು. ಎರಡು ತುಂಡನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ ಬೋರಲಿಂಗಯ್ಯನಿಗೆ ಕೊಟ್ಟಾಗ ಅವನು ನಕ್ಕ. ಕುಹಕದ ನಗೆಯಲ್ಲ, ಮನೆಯವರು ಕೊಟ್ಟದ್ದನ್ನು ತೆಗೆದುಕೊಳ್ಳುವಾಗಿನ ನಗೆ. ಗಾಡಿಯ ಕೊಕ್ಕೆಗೆ ನೇತುಹಾಕಿಕೊಂಡ.

ಅದಾದ ಮೇಲೆ ಮೊದಲ ಸಲ ಅವನು ಬಂದದ್ದು ಖಾಲಿ ಲಾರಿಯಲ್ಲಿ, ಮೈಸೂರಿನಿಂದ ಸಾಮಾನು ತರಲು ಹೊರಟು. ತುಂಡುಗಳು ಗಾಲಿಯನ್ನು ಹಿಡಿದು ನಿಂತವು. ಜೈನಬಳಿಗೆ ಅವತ್ತೆಲ್ಲ ಒಂಥರಾ ಖುಷಿ.

ನಾಲ್ಕು ದಿನ ಬಿಟ್ಟು ಲೋಡಿನ ಲಾರಿ ಬಂತು. ಬೋರಲಿಂಗಯ್ಯ ಹಳದಿ ತುಂಡುಗಳನ್ನು ಹಿಂದಿನ ಗಾಲಿಗಳಿಗೆ ಕೊಟ್ಟು, ಕಾಲಿನಿಂದ ಒದ್ದು ಬಿಗಿ ಮಾಡಿ ತಿಂಡಿಗೆ ಕೂತ. ಜೈನಬ್ ಅಲ್ಲೇ ಕಂಬಕ್ಕೊರಗಿ ನಿಂತಿದ್ದಳು. ಮಾಯಮ್ಮ ಹೊರಗಿನ ನೀರಿನ ಡ್ರಮ್ಮಿನಿಂದ ಒಂದು ಬಿಂದಿಗೆ ತುಂಬಿಕೊಂಡು ಆಗಷ್ಟೇ ಒಳಗೆ ಬಂದಿದ್ದಳು. ಒಣ ಸೌದೆ ಮುರಿದಂಥ ಸದ್ದು ಬಂತು. ನೋಡುತ್ತಿದ್ದಂತೆ ಲಾರಿ ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಬೋರಲಿಂಗಯ್ಯ ಎಂಜಲು ಕೈಯಲ್ಲೇ ಓಡಿಹೋಗಿ ಬಾಗಿಲಿಗೆ ಜೋತುಬಿದ್ದು ಒಳಗೆ ಹಾರಿ ಬ್ರೇಕು ಒತ್ತಿದ. ಅಷ್ಟರಲ್ಲಿ ಡ್ರಮ್ಮು ಅಪ್ಪಚ್ಚಿಯಾಗಿತ್ತು. ಒಂದು ಬೆಂಚಿನ ಕಾಲು ಮುರಿದು ನೀರೆಲ್ಲ ರಸ್ತೆಗೆ ಹರಿಯುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಮಾಯಮ್ಮ ಬಿಂದಿಗೆ ಹಿಡಿದುಕೊಂಡೇ ಡ್ರಮ್ಮಿದ್ದ ಜಾಗ ನೋಡುತ್ತಾ ನಿಂತಿದ್ದಳು. ಜೈನಬ್ ಅಲ್ಲೇ ನೆಲದ ಮೇಲೆ ಕೂತಳು.

ಬೋರಲಿಂಗಯ್ಯ ಈ ಸಲ ನಿಜವಾದ ಕಲ್ಲನ್ನೇ ಗಾಲಿಗೆ ಕೊಟ್ಟು ಬಂದ. ಅವನ ಉಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ. ಬೈಯುತ್ತಾನೆಂದು ಅವಳು ಕಾದಳು. ಅವನು ಒಡೆದ ತುಂಡುಗಳನ್ನು ಅವಳ ಮುಂದಿಟ್ಟು, "ಗೊಂಬೆ ಮಾಡೋ ಕೈ ಕಣಕ್ಕ ನಿಂದು" ಅಂದ. "ಇದು ಅನ್ನೆರಡು ಟನ್ ಲೋಡು. ನನ್ದೂ ತಪ್ಪೈತೆ, ಮರ ಯಾವ್ದು ಅಂತ ನಾನಾರ ಕೇಳ್ಬೇಕಾಗಿತ್ತು."

ಅವತ್ತು ಅವಳು ಕೆಲಸಕ್ಕೆ ಹೋಗಲಿಲ್ಲ. ಮನೆಗೆ ಬಂದು ಆ ತುಂಡುಗಳನ್ನು ಒಲೆಯ ಪಕ್ಕದ ಸೌದೆಯಲ್ಲಿ ಸೇರಿಸಿಟ್ಟಳು. ಮಧ್ಯಾಹ್ನ ಸಮದ್ ನೀರು ಕುಡಿಯಲು ಒಳಗೆ ಬಂದವನು ಹಳದಿ ಬಣ್ಣ ಕಂಡು ನಿಂತ. ಬಗ್ಗಿ ಎಡಗೈಯಿಂದ ಒಂದನ್ನು ಎತ್ತಿದ.

"ಇದೇನು?"

ಹೇಳಿದಳು. ಗರಗಸ ತೆಗೆದದ್ದು, ಪ್ರತಿದಿನ ಕಲ್ಲು ತಳ್ಳಲು ಹೋಗುತ್ತಿದ್ದದ್ದು, ಡ್ರಮ್ಮು ಅಪ್ಪಚ್ಚಿಯಾದದ್ದು, ಅರ್ಧ ನಿಮಿಷ ಹೆಚ್ಚುಕಡಿಮೆಯಾಗಿದ್ದರೆ ಮಾಯಮ್ಮ ಅಲ್ಲಿರುತ್ತಿದ್ದದ್ದು. ಕೊನೆಯದನ್ನು ಹೇಳುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

ಸಮದ್ ಬಾಗಿಲ ಬೆಳಕಿಗೆ ಹೋಗಿ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಒಡೆದ ಕಡೆ ಉಗುರಿನಿಂದ ಕೆರೆದ. ಮೂಸಿ ನೋಡಿದ. ಆಮೇಲೆ ಅಂದ:

"ಹಾಲೆ ಮರ. ಬೆಣ್ಣೆಯಂಥ ಮರ ಅಂತಲೇ ಅಲ್ಲವಾ ನಾವು ಇದನ್ನ ಗೊಂಬೆಗೆ ತರೋದು? ಅದರ ಮೇಲೆ ಲಾರಿ ನಿಲ್ಲಿಸಿದೆಯಾ? ನಾರು ಯಾವ ಕಡೆ ಓಡುತ್ತೆ ಅಂತಾದರೂ ನೋಡಬೇಡವಾ. ಹನ್ನೆರಡು ವರ್ಷ ನನ್ನ ಪಕ್ಕ ಕೂತಿದ್ದೆ."

ಅವಳು ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು. ಅವನು ಬೈಯುತ್ತಿದ್ದ, ನಿಜ. ಆದರೆ ಕಾರ್ಖಾನೆಯಲ್ಲಿ ಬಣ್ಣ ಕೆಟ್ಟಾಗ ಬೈಯುತ್ತಿದ್ದ ಹಾಗೆ ಬೈಯುತ್ತಿದ್ದ. ಡಿಸೆಂಬರಿನಿಂದ ಈಚೆಗೆ ಅವನು ಅಷ್ಟು ಮಾತು ಒಟ್ಟಿಗೆ ಆಡಿದ್ದೇ ಇಲ್ಲ.

ಮಾರನೆಯ ಬೆಳಿಗ್ಗೆ ಅಂಗಿ ತೊಟ್ಟು ಹೊರಟ. ಬಾಗಿಲಲ್ಲಿ ತಿರುಗಿ, "ನೀನೂ ಬಾ" ಅಂದ.

ನಡೆದುಕೊಂಡೇ ಹೋದರು. ಪಕ್ಕದ ಹಳ್ಳಿಯಲ್ಲಿ ಚೌಡಾಚಾರಿ ಎಂಬ ಮುದುಕನಿದ್ದ, ಎತ್ತಿನ ಗಾಡಿ ಮಾಡುವವನು. ಗೊಂಬೆ ಮರ ಕೊಯ್ಯಿಸಲು ಹಿಂದೆ ಸಮದ್ ಅವನ ಬಳಿ ಹೋಗುತ್ತಿದ್ದ. ಚೌಡಾಚಾರಿ ಅವನ ಕೈ ನೋಡಿ ತುಟಿ ಕಚ್ಚಿದ. ಬಂದ ವಿಷಯ ಕೇಳಿ ಹಿತ್ತಿಲಿಗೆ ಕರೆದುಕೊಂಡು ಹೋದ. ಅಲ್ಲಿ ಹುಲ್ಲಿನ ಮೆದೆಗೆ ಒರಗಿಸಿ ಏಳೆಂಟು ಹಳೆಯ ಗಾಡಿ ಗಾಲಿಗಳನ್ನು ಇಟ್ಟಿದ್ದ.

"ಈಗೆಲ್ಲಾ ಟೈರಿನ ಗಾಡಿ ಬಂದ್ಬುಟ್ವು ಸಾಬ್ರೇ. ಇವ್ನ ಯಾರೂ ಮೂಸಾಕಿಲ್ಲ. ಕರಿಜಾಲಿ ಮರ. ಮೂವತ್ತು ವರ್ಷ ರಾಗಿ ಮೂಟೆ ಒತ್ತವೆ, ಒಂದು ಬಿರುಕಿಲ್ಲ ನೋಡಿ."

ಸಮದ್ ಒಂದು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಸುತ್ತಿನ ಮರ ಒಂದೇ ತುಂಡಲ್ಲ, ಬಾಗಿದ ಆರು ತುಂಡು ಸೇರಿಸಿ ಮಾಡಿದ್ದು. ಒಂದು ತುಂಡಿನ ಒಳಬಾಗಿನ ಮೇಲೆ ಅವನು ಎಡಗೈ ಆಡಿಸಿದ. ಗೇಣು ಹಾಕಿ ಅಳೆದ. ಜೈನಬಳ ಕಡೆ ತಿರುಗಿ, "ಲಾರಿ ಟೈರಿನ ದುಂಡು ಹೆಚ್ಚುಕಡಿಮೆ ಇಷ್ಟೇ ಇರುತ್ತೆ" ಅಂದ. "ಇದನ್ನ ಅರ್ಧಕ್ಕೆ ಕುಯ್ದು ಅಡಿ ಮಟ್ಟ ಮಾಡಿದರೆ ಟೈರು ತಾನೇ ಬಂದು ಕೂತುಕೊಳ್ಳುತ್ತೆ."

ಜಾಲಿ ಕೊಯ್ಯುವುದು ಹಾಲೆ ಕೊಯ್ದಂತಲ್ಲ. ಮೊದಲ ದಿನವೇ ಗರಗಸದ ಹಲ್ಲು ಹೋಯಿತು. ಚೌಡಾಚಾರಿ ದೊಡ್ಡ ಗರಗಸ ತಂದ. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿಯನ್ನು ಸಮದ್ ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಸುಮ್ಮನೆ ಮೇಲೆ ಇಟ್ಟ. ಹಿಡಿತ ಇಲ್ಲದಿದ್ದರೂ ಆ ಕೈಗೆ ಭಾರ ಇತ್ತು; ಅದೇ ಸಾಕಾಯಿತು. ಅಡಿಯಲ್ಲಿ ಜಾರದಿರಲೆಂದು ಸಮದ್ ಹಳೆಯ ಟೈರಿನ ರಬ್ಬರು ಹೊಡೆಸಿದ. ಹಗ್ಗ ಹಾಕಿ ಬಣ್ಣ ಬಳಿದದ್ದು ಜೈನಬ್. ಯಾವ ಬಣ್ಣ ಎಂದು ಚೌಡಾಚಾರಿ ಕೇಳಿದಾಗ, "ಮಂಜಲ್ಲೂ ಕಾಣೋ ಬಣ್ಣ" ಅಂದಳು.

ಮಾಯಮ್ಮನ ಹೋಟೆಲಿಗೆ ಅವನ್ನು ಹೊತ್ತು ಹೋದ ದಿನ ಸಮದ್ ಒಳಗೆ ಬರಲಿಲ್ಲ. ಹೊರಗಡೆ ಹೊಸ ಡ್ರಮ್ಮಿನ ಪಕ್ಕ ನಿಂತ. ಬೋರಲಿಂಗಯ್ಯ ಲೋಡಿನ ಲಾರಿ ತಂದು ನಿಲ್ಲಿಸಿ ಕೆಳಗಿಳಿದು, ಜೈನಬಳ ಕೈಯಲ್ಲಿದ್ದ ತುಂಡುಗಳನ್ನು ನೋಡಿದ. ಆಮೇಲೆ ಅವಳ ಗಂಡನನ್ನು, ಗಂಡನ ಕೈಯನ್ನು.

ಸಮದ್ ಸಲಾಮು ಹೇಳಲಿಲ್ಲ. "ಒಂದು ಕೇಳ್ಬೇಕಾಗಿತ್ತು" ಅಂದ ಕನ್ನಡದಲ್ಲಿ. "ಡಿಸೆಂಬರ್ ಹದಿಮೂರು. ಬೆಳಿಗ್ಗೆ. ನೀವು ಇಲ್ಲಿ ನಿಲ್ಸಿದ್ರಾ?"

ಹೋಟೆಲಿನಲ್ಲಿ ತಿನ್ನುತ್ತಿದ್ದವರು ತಲೆಯೆತ್ತಿದರು. ಬೋರಲಿಂಗಯ್ಯ ಮೀಸೆಯ ಮೇಲೆ ಕೈ ಎಳೆದುಕೊಂಡ. ಇಲ್ಲ ಅಂದುಬಿಡುವುದು ಅವನಿಗೆ ಸುಲಭವಿತ್ತು.

"ಗೊತ್ತಿಲ್ಲ ಸಾಬ್ರೇ" ಅಂದ. "ವಾರದಾಗೆ ಮೂರ್ ದಿನ ನಿಲ್ಲುಸ್ತೀನಿ. ಅವತ್ತೂ ನಿಲ್ಸಿರ್ಬೋದು. ಆ ಕಲ್ಲು ನಂದೇ ಇರ್ಬೋದು. ಇಂತಿರುಗಿ ನೋಡ್ದೋನಲ್ಲ ನಾನು ಯಾವತ್ತೂವೆ. ನಿಮ್ಮನೆಯೋರು ಕಲ್ಲು ತಳ್ಳೋದ ಕಂಡ್ಮೇಲೆ ಅದೇ ಯೋಚ್ನೆ ನಂಗೆ. ನಂದಲ್ಲ ಅಂತ ಆಣೆ ಮಾಡಾಕೆ ಆಗಾಕಿಲ್ಲ."

ರಸ್ತೆಯಲ್ಲಿ ಎರಡು ಬಸ್ಸು ಹೋದವು. ಇಷ್ಟು ತಿಂಗಳು ಗಂಡ ಜಗಲಿಯ ಮೇಲೆ ಕೂತು ಬೈದುಕೊಂಡದ್ದು ಮುಖವಿಲ್ಲದ ಒಬ್ಬನನ್ನು ಎಂದು ಜೈನಬಳಿಗೆ ಆಗ ಹೊಳೆಯಿತು. ಈಗ ಎದುರಿಗೆ ನಿಂತಿದ್ದವನಿಗೆ ಮುಖವಿತ್ತು, ಸುಸ್ತಾದ ಕಣ್ಣಿತ್ತು, ಅಂಗಿಯ ತೋಳಲ್ಲಿ ಹೊಲಿಗೆ ಬಿಟ್ಟಿತ್ತು. ಗಂಡ ತಿರುಗಿ ಮನೆಗೆ ಹೊರಟರೆ ತಾನೂ ಸುಮ್ಮನೆ ಹಿಂದೆ ಹೋಗುವುದೆಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಳು.

ಸಮದ್ ಅವಳ ಕೈಯಿಂದ ತುಂಡುಗಳನ್ನು ಇಸಿದುಕೊಂಡ. ಲಾರಿಯ ಹಿಂದಿನ ಗಾಲಿಯ ಬಳಿ ಹೋಗಿ ಮಂಡಿಯೂರಿದ.

"ಬನ್ನಿ ಇಲ್ಲಿ" ಅಂದ. "ದೂರ ಇಡಬಾರ್ದು. ಟೈರಿಗೆ ತಾಗಬೇಕು. ಗಾಡಿ ಮೊದ್ಲು ಒಸಿ ಜಾರಿ, ಓಟ ಹಿಡ್ಕೊಂಡ್ರೆ ಆಮೇಲೆ ಯಾವ ಮರಾನೂ ತಡಿಯಲ್ಲ. ಎರಡೂ ಕಡೆ ಗಾಲಿಗೆ ಕೊಡಿ. ಒಂದೇ ಕಡೆ ಕೊಟ್ರೆ ಗಾಡಿ ತಿರುಚ್ಕೊಳ್ಳುತ್ತೆ."

ಬೋರಲಿಂಗಯ್ಯ ಅವನ ಪಕ್ಕದಲ್ಲಿ ಮಂಡಿಯೂರಿ, ಹೇಳಿದಂತೆ ಮಾಡಿದ. ಆಮೇಲೆ ಕ್ಯಾಬಿಗೆ ಹತ್ತಿ ಹ್ಯಾಂಡ್‌ಬ್ರೇಕು ಬಿಟ್ಟ. ಲಾರಿ ಒಂದು ಸಲ ನಿಟ್ಟುಸಿರು ಬಿಟ್ಟಂತೆ ಹಿಂದಕ್ಕೆ ಕೂತು, ಹಾಗೇ ನಿಂತಿತು. ಸಮದ್ ಬಗ್ಗಿಯೇ ಇದ್ದ. ಜಾಲಿಯ ತುಂಡು ಕಿರುಗುಟ್ಟಲೂ ಇಲ್ಲ.

ಮಾಯಮ್ಮ ಇಬ್ಬರಿಗೂ ಟೀ ತಂದಿಟ್ಟಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕುಡಿದರು.

ಆ ವರ್ಷ ಅವರು ಹತ್ತಾರು ಜೊತೆ ಮಾಡಿರಬೇಕು. ಒಬ್ಬ ಡ್ರೈವರು ಇನ್ನೊಬ್ಬನಿಗೆ ಹೇಳಿ, ಮದ್ದೂರು, ಕನಕಪುರದ ಗಾಡಿಗಳವರೂ ಕೇಳಿಕೊಂಡು ಬಂದರು. ಎಲ್ಲರೂ ತೆಗೆದುಕೊಂಡರು ಎಂದಲ್ಲ. ಕಲ್ಲು ಬಿಟ್ಟುಹೋಗುವವರು ಬಿಟ್ಟುಹೋಗುತ್ತಲೇ ಇದ್ದರು. ಜೈನಬ್ ಬೆಳಿಗ್ಗೆ ಆ ದಾರಿ ಹಿಡಿಯುವುದನ್ನು ನಿಲ್ಲಿಸಲಿಲ್ಲ. ಆದರೆ ಈಗ ಕೆಲವು ದಿನ ಅವಳು ಹೋಗುವಷ್ಟರಲ್ಲಿ ಮಾಯಮ್ಮನೇ, ಇಲ್ಲವೇ ತಿಂಡಿಗೆ ಬಂದ ಯಾವನೋ ಡ್ರೈವರು ಕಲ್ಲುಗಳನ್ನು ಬದಿಗೆ ಸರಿಸಿರುತ್ತಿದ್ದ.

ಚೌಡಾಚಾರಿಯ ಹಿತ್ತಿಲಿನ ಗಾಲಿಗಳು ಮುಗಿದುಹೋದವು. ಮಾಗಡಿಯ ಹಳ್ಳಿಗಳಲ್ಲಿ ಕೊಟ್ಟಿಗೆಗೊಂದು ಹಳೆ ಗಾಲಿ ಬಿದ್ದಿದೆ, ಬಂದರೆ ತೋರಿಸುತ್ತೇನೆ ಎಂದ ಬೋರಲಿಂಗಯ್ಯ. ಸಮದ್ ಎರಡು ವಾರ ಉತ್ತರ ಕೊಡಲಿಲ್ಲ. ಮೂರನೆಯ ವಾರ ಒಂದು ಭಾನುವಾರ ಲಾರಿಯ ಹಾರನ್ನು ಅವರ ಬೀದಿಯ ತುದಿಯಲ್ಲೇ ಕೇಳಿಸಿತು. ಜೈನಬ್ ಬುತ್ತಿ ಕಟ್ಟಿಕೊಟ್ಟಳು. ಲಾರಿಯ ಎತ್ತರದ ಮೆಟ್ಟಿಲು ಹತ್ತಲು ಸಮದ್ ಎಡಗೈ ಚಾಚಿದ. ಒಳಗಿನಿಂದ ಬೋರಲಿಂಗಯ್ಯ ಅವನ ತೋಳು ಹಿಡಿದು ಮೇಲೆಳೆದುಕೊಂಡ.

ಸಂಜೆ ಹಿಂದಿರುಗಿದಾಗ ಸಮದನ ಅಂಗಿಯೆಲ್ಲ ಧೂಳಾಗಿತ್ತು. ಕೈಕಾಲು ತೊಳೆಯುವ ಮೊದಲೇ ಮಾತು ಶುರು ಮಾಡಿದ. ಮಾಗಡಿ ದಾರಿಯ ಬಂಡೆಗಳು, ಒಂದು ಹಳ್ಳಿಯಲ್ಲಿ ಗಾಲಿ ಕೊಡುವುದಿಲ್ಲವೆಂದು ಅಡ್ಡ ಕೂತ ಮುದುಕಿ, ಆಮೇಲೆ ಆ ಮುದುಕಿಯೇ ಬಡಿಸಿದ ಹುರುಳಿ ಸಾರು, ಬೋರಲಿಂಗಯ್ಯನ ಮೊಮ್ಮಗಳು ಅವನ ಸೊಟ್ಟ ಕೈಯನ್ನು ಮುಟ್ಟಿ ಮುಟ್ಟಿ ನೋಡಿದ್ದು. ಜೈನಬ್ ತಟ್ಟೆ ಹಾಕಿಕೊಂಡು ಕೂತೇ ಇದ್ದಳು. ಅನ್ನ ಆರುತ್ತಿತ್ತು. ಊಟ ಮಾಡಿ ಎಂದು ಅವಳು ಹೇಳಲಿಲ್ಲ.